ಉಡಿ ತುಂಬುವ ಬ್ಯಾಂಕು

ನಲವತ್ತು ವರ್ಷ ಬ್ಯಾಂಕು ನಡೆಸಿದವಳನ್ನು ಒಂದು ಮಾತೂ ಕೇಳದೆ ಕೆಲಸದಿಂದ ತೆಗೆದುಹಾಕಿದರು. ತೆಗೆದವಳು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಮೊಮ್ಮಗಳು ಶ್ರದ್ಧಾ. ಅದೂ ನಾಗರ ಪಂಚಮಿಯ ಮರುದಿನ, ಮನೆಯವರೆಲ್ಲ ಕೂತಿರುವಾಗ, ನನ್ನ ಬಾಯಿ ತುಂಬ ಶೇಂಗಾ ಉಂಡಿ ಇರುವಾಗ. ತಕ್ಷಣ ಬೈಯುವುದಕ್ಕೂ ಆಗಲಿಲ್ಲ.

ಬ್ಯಾಂಕು ಎಂದರೆ ವ್ಯಾಪಾರದ ಆಟದ ಬ್ಯಾಂಕು. ದಾಳ ಹಾಕುವುದು, ಊರು ಕೊಳ್ಳುವುದು, ಅಲ್ಲಿ ಮನೆ ಕಟ್ಟುವುದು, ಇನ್ನೊಬ್ಬರ ಊರಿನಲ್ಲಿ ಕಾಲಿಟ್ಟರೆ ಬಾಡಿಗೆ ಕೊಡುವುದು. ನಿಮ್ಮ ಮನೆಯಲ್ಲೂ ಇದ್ದಿರಬೇಕು. ನನ್ನ ಮಗಳು ನಂದಾ ಹತ್ತು ವರ್ಷದವಳಿದ್ದಾಗ ಅವರಪ್ಪ ಮರಾಠಿ ಸೀಮೆಯ ನಮ್ಮ ಊರಿನ ಬಜಾರು ನವಿ ಪೇಠದಲ್ಲಿ ನಮ್ಮ ಅಂಗಡಿಯ ಎದುರಿನ ಸ್ಟೇಷನರಿಯಿಂದ ತಂದ ಡಬ್ಬಿ ಅದು. ಅವರಪ್ಪ ಎಂದರೆ ನಮ್ಮ ಯಜಮಾನರು. ಹೆಸರು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೆ ‘ಕಲ್ಯಾಣಪ್ಪ ಕ್ಲಾತ್ ಸ್ಟೋರ್ಸ್’ ಎಂದು ದೊಡ್ಡದಾಗಿ ಬರೆದಿದೆ, ಓದಿಕೊಳ್ಳಿ. ದಾಳ ಹಾಕಿಕೊಂಡು ಊರೂರು ಅಲೆಯುವ ಹುಚ್ಚು ನನಗಿರಲಿಲ್ಲ. ಮಕ್ಕಳಿಬ್ಬರು ಮತ್ತು ಅವರಪ್ಪ ಆಡಿದರು, ಬ್ಯಾಂಕು ನಾನು ಹಿಡಿದೆ. ಅವತ್ತಿನಿಂದ ನನ್ನ ಬ್ಯಾಂಕು ಒಂದು ದಿನವೂ ಮುಚ್ಚಿಲ್ಲ.

ನಂದಾಳ ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು. ಕೊಟ್ಟದ್ದು ಅಕ್ಕಲಕೋಟೆ ತಾಲೂಕಿನ ಕುರನೂರಿಗೆ, ಧರಣದ, ಅಂದರೆ ಅಣೆಕಟ್ಟಿನ, ನೀರು ಹರಿಯುವ ಮೂವತ್ತು ಎಕರೆ ಹೊಲದ ಮನೆಗೆ. ಅಳಿಯ ಕಾಂತೇಶ ಬಂಗಾರದಂಥ ಮನುಷ್ಯ. ಪ್ರತಿ ಪಂಚಮಿಗೆ ಹೆಂಡತಿಯನ್ನು ತಂದು ಬಿಡುತ್ತಾನೆ, ನಾಲ್ಕು ದಿನ ಬಿಟ್ಟು ಬಂದು ಕರೆದೊಯ್ಯುತ್ತಾನೆ. ಅವಳು ಹೊರಡುವ ದಿನ ಮಧ್ಯಾಹ್ನ ಊಟ ಮುಗಿಸಿ, ನಡುಮನೆಯಲ್ಲಿ ಚಾದರ ಹಾಸಿ, ವ್ಯಾಪಾರ ಆಡುವುದು ನಮ್ಮ ಮನೆಯ ಪದ್ಧತಿ. ಆಮೇಲೆ ಸೆರಗಿಗೆ ಅಕ್ಕಿ, ಖಣ ಹಾಕಿ ಉಡಿ ತುಂಬಿ ಕಳಿಸುವುದು.

ಇನ್ನು ನನ್ನ ಗುಟ್ಟು ಹೇಳಬೇಕು. ಹೇಳದಿದ್ದರೆ ನನಗೆ ಆವತ್ತು ಅಷ್ಟು ಸಿಟ್ಟು ಯಾಕೆ ಬಂತೆಂದು ನಿಮಗೆ ತಿಳಿಯುವುದಿಲ್ಲ.

ಮದುವೆಯಾದ ಮೊದಲ ಪಂಚಮಿಗೆ ನಂದಾ ಬಂದಾಗ, ಹೊರಡುವ ಹೊತ್ತಿಗೆ ಇವರು ಅವಳ ಕೈಯಲ್ಲಿ ನೂರರ ನೋಟು ಇಡಲು ಹೋದರು. ಹುಡುಗಿ ಹಾವು ಕಂಡಂತೆ ಕೈ ಹಿಂದಕ್ಕೆಳೆದುಕೊಂಡಳು.

“ಬ್ಯಾಡಪ್ಪ. ಸೀರಿ ಕೊಡ್ರಿ, ಕುಬ್ಬಸ ಕೊಡ್ರಿ, ತಗೋತೀನಿ. ರೊಕ್ಕ ತಗೊಂಡ್ ಹೋದ್ರ ನಮ್ಮ ಅತ್ತಿ, ನಮ್ಮ ಮನ್ಯಾಗ ನಿನಗ ಏನ್ ಕಡಿಮಿ ಆಗ್ಯದ ಅಂತಾರ.”

ಅತ್ತೆ ತುಳಜಾಬಾಯಿ ಕೆಟ್ಟವಳಲ್ಲ, ಆದರೆ ತಿಜೋರಿಯ ಚಾವಿ ಅವಳ ಸೊಂಟದಲ್ಲಿ. ಮನೆಯಲ್ಲಿ ಜೋಳದ ಚೀಲಗಳು ಅಟ್ಟದವರೆಗೆ ಇರುತ್ತವೆ, ಸೊಸೆಯ ಕೈಯಲ್ಲಿ ಹತ್ತು ರೂಪಾಯಿ ಇರುವುದಿಲ್ಲ. ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಒಂದು ಭೇಳ ತಿನ್ನಬೇಕೆನಿಸಿದರೆ? ಇಷ್ಟವಾದ ಬಳೆ ಕಂಡರೆ? ಅದಕ್ಕೂ ಗಂಡನ ಮುಖ ನೋಡಬೇಕೇ? ಹೆತ್ತವಳಿಗೆ ನಿದ್ದೆ ಹೇಗೆ ಬರಬೇಕು ಹೇಳಿ.

ಮರುವರ್ಷ ಪಂಚಮಿಯ ಆಟದಲ್ಲಿ ನಂದಾ ದಿವಾಳಿಯಾದಳು. ತಮ್ಮ ಯೋಗಿರಾಜ ಚಪ್ಪಾಳೆ ತಟ್ಟಿ ಕುಣಿಯತೊಡಗಿದ. ನನಗೆ ಎಲ್ಲಿಂದ ಆ ಬುದ್ಧಿ ಬಂತೋ ನಮ್ಮೂರ ದೇವರು ಸಿದ್ಧರಾಮನೇ ಬಲ್ಲ. “ತವರುಮನಿ ಮಗಳು ದಿವಾಳಿ ಆದ್ರ ಬ್ಯಾಂಕು ಉಡಿ ತುಂಬಬೇಕು. ಇದು ನನ್ನ ಬ್ಯಾಂಕಿನ ಕಾಯ್ದೆ!” ಎಂದು ಕೂಗಿದೆ. ಆಟದ ನೋಟು ಒಂದು ಹಿಡಿ ತೆಗೆದು ಅವಳ ಸೆರಗಿಗೆ ಸುರಿದೆ. ಆ ಬಣ್ಣದ ಕಾಗದಗಳ ನಡುವೆ, ನನ್ನ ಸೊಂಟದ ಸಂಚಿಯಿಂದ ಮೆಲ್ಲಗೆ ಸೇರಿಸಿದ, ನಾಲ್ಕು ಮಡಿಕೆ ಮಾಡಿದ ಒಂದು ಖರೇ ನೋಟು ಇತ್ತು, ಐವತ್ತರದು. ಅವಳ ಬೆರಳು ಅದಕ್ಕೆ ತಾಗಿ ಒಂದು ಕ್ಷಣ ನಿಂತಿತು. ಆಮೇಲೆ ಅವಳು ಸೆರಗು ಮುಚ್ಚಿಕೊಂಡು, “ನಿಂದ ಪಾಳಿ, ದಾಳ ಹಾಕೋ” ಎಂದು ತಮ್ಮನಿಗೆ ಹೇಳಿದಳು.

ಅಷ್ಟೇ. ಆಟ ಮುಗಿದ ಮೇಲೆ ಕಾಗದವೆಲ್ಲ ಡಬ್ಬಿಗೆ ಮರಳಿತು, ಆ ಐವತ್ತು ಮರಳಲಿಲ್ಲ. ಆಟದಲ್ಲಿ ಸಿಕ್ಕದ್ದನ್ನು ಬೇಡ ಎನ್ನುವುದು ಹೇಗೆ? ಐವತ್ತು ನೂರಾಯಿತು, ನೂರು ಐದುನೂರಾಯಿತು. ನಾವಿಬ್ಬರೂ ಅದರ ಬಗ್ಗೆ ಇಷ್ಟು ವರ್ಷದಲ್ಲಿ ಒಂದಕ್ಷರ ಮಾತಾಡಿಲ್ಲ. ದೇವರ ದಯೆಯಿಂದ ನಂದಾಳಿಗೆ ಆ ಆಟ ಬರುತ್ತಲೂ ಇರಲಿಲ್ಲ. ಮುಂಬೈ ಕೈಗೆ ಬಂದರೆ ಅರ್ಧ ಬೆಲೆಗೆ ಮಾರುತ್ತಿದ್ದಳು, ಯಾರೂ ಕಾಲಿಡದ ಮೂಲೆಯ ಊರಿನಲ್ಲಿ ಮನೆ ಕಟ್ಟುತ್ತಿದ್ದಳು. ಪ್ರತಿ ವರ್ಷ ತಪ್ಪದೆ ದಿವಾಳಿ. ಸಾಲಿಯಲ್ಲಿ ಗಣಿತಕ್ಕೆ ಮೊದಲ ನಂಬರು ಬರುತ್ತಿದ್ದ ಹುಡುಗಿ, ಇದರಲ್ಲಿ ಯಾಕೆ ಇಷ್ಟು ದಡ್ಡಿ ಎಂದು ನನಗೇ ಬೇಸರವಾಗುತ್ತಿತ್ತು.

ಇರಲಿ. ಈ ವರ್ಷದ ಐದುನೂರರ ನೋಟು ಹೊಂದಿಸುವುದಕ್ಕೇ ನನಗೆ ಸಾಕುಬೇಕಾಗಿತ್ತು. ಈಗ ನಮ್ಮ ಅಂಗಡಿಯ ಗಲ್ಲೆಯಲ್ಲಿ ನೋಟು ಎಲ್ಲಿದೆ? ಗಿರಾಕಿ ಫೋನು ಹಿಡಿಯುತ್ತಾನೆ, ಡಬ್ಬಿ ಕೂಗುತ್ತದೆ, ದುಡ್ಡು ಯೋಗಿರಾಜನ ಖಾತೆಗೆ ಹೋಗುತ್ತದೆ. ನಾನು ಆಷಾಢದಲ್ಲಿ ಎರಡು ವರ್ಷದ ರದ್ದಿ ಮಾರಿ ಆ ನೋಟು ಸಂಪಾದಿಸಿದ್ದೆ. ಮಡಿಕೆ ಮಾಡಿ ಸೊಂಟದ ಸಂಚಿಯಲ್ಲಿ ಇಟ್ಟುಕೊಂಡು ಕೂತಿದ್ದೆ.

ಆಗ ಶ್ರದ್ಧಾ ಹೊಸ ಹಾಳೆಯೊಂದನ್ನು ತಂದು ಚಾದರದ ಮೇಲೆ ಬಿಚ್ಚಿದಳು. ಯೋಗಿರಾಜನ ಮಗಳು, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುತ್ತಾಳೆ, ಮನೆಯಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುತ್ತಾಳೆ.

“ಆಜಿ, ಹೇ ಬಘ! ನಮ್ಮದ ವ್ಯಾಪಾರ, ಆದ್ರ ನವೀನ. ಮುಂಬೈ, ದಿಲ್ಲಿ ಎಲ್ಲಾ ತಗದೀನಿ. ನವಿ ಪೇಠ, ಬೋರಾಮಣಿ, ಅಕ್ಕಲಕೋಟ, ಆತ್ಯಾನ ಕುರನೂರ, ಎಲ್ಲಾ ನಮ್ಮ ಊರ ಹಾಕೀನಿ.”

“ಚಂದ ಆಗ್ಯದವ್ವ” ಎಂದೆ. ಆಗಿತ್ತು ಕೂಡ. ಬೋರಾಮಣಿಯ ಚೌಕದಲ್ಲಿ ಹುಲ್ಲು, ಕುರನೂರಿನಲ್ಲಿ ನೀಲಿ ನೀರು, ಅಕ್ಕಲಕೋಟೆಯಲ್ಲಿ ಯಾತ್ರಿಕರ ಲಾಜು, ಎಲ್ಲ ಬರೆದಿದ್ದಳು. ನಾನು ಖುಷಿಯಿಂದ ಹಳೆಯ ಡಬ್ಬಿಗೆ ಕೈ ಹಾಕಿ ನೋಟಿನ ಕಟ್ಟು ತೆಗೆಯಲು ಹೋದೆ.

“ಆಜಿ, ನೋಟ ಬಂದ್. ಈಗ ಎಲ್ಲಾರಿಗೂ ಒಂದೊಂದ ಕಾರ್ಡ. ಬ್ಯಾಂಕ ಈ ಫೋನ್ ಮಾಡ್ತದ.”

ಆಗಲೇ ನಾನು ಉಂಡಿಯನ್ನು ಬಾಯಿಗೆ ಹಾಕಿಕೊಂಡದ್ದು. ಕಷ್ಟಪಟ್ಟು ನುಂಗಿ ಕೇಳಿದೆ: “ಮತ್ತ ನಾ ಏನ್ ಮಾಡ್ಲಿ? ನಿಮ್ಮ ಮಾರಿ ನೋಡ್ಕೋತ ಕುಂದ್ರಲ್ಯಾ?”

“ನೀನೂ ಆಡು! ಹೋದ ವರ್ಷ ಐವತ್ತರ ಬದಲಿ ಐದುನೂರು ಕೊಟ್ಟಿ, ಬಾಬಾ ಎಷ್ಟ ನಕ್ಕ್ರು. ನಿನ್ನ ಕಣ್ಣಿಗಿ ತ್ರಾಸ ಆಗಬಾರದಂತ ಮಾಡೀನಿ, ಆಜಿ. ಫೋನ್ ಮಾತಾಡ್ತದ. ತೀನ ಮಹಿನೆ ಕುಂತ ಮಾಡೀನಿ.”

ಇನ್ನು ಏನೆಂದು ಬೈಯಲಿ? ಮೂರು ತಿಂಗಳು ನನಗಾಗಿ ಕೂತು ಮಾಡಿದ ಹುಡುಗಿಯ ಮುಖ ಹಬ್ಬದ ಹಣತೆಯಂತೆ ಹೊಳೆಯುತ್ತಿತ್ತು. ಆದರೆ ನನ್ನ ಸೊಂಟದಲ್ಲಿ ಇದ್ದ ಐದುನೂರನ್ನು ನಾನು ಯಾವ ಕಾರ್ಡಿನೊಳಗೆ ಮಡಚಿ ಇಡಲಿ? ಐದು ಗಂಟೆಗೆ ಕಾಂತೇಶ ಬರುತ್ತಾನೆ. ಮಗಳು ಬರಿಗೈಲಿ ಹೋಗುತ್ತಾಳೆ. ಬಹಿರಂಗವಾಗಿ ಕೊಟ್ಟರೆ ಆ ಮೊದಲ ಪಂಚಮಿಯಂತೆ ಎಲ್ಲರೆದುರು ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ.

“ಹಳೇದ ಛಲೋ ಇತ್ತು. ಲೈಟ್ ಹೋದ್ರ ಏನ್ ಮಾಡ್ತೀರಿ?” ಎಂದೆ.

“ಬ್ಯಾಟರಿ ಅದ, ಅವ್ವ” ಎಂದ ಯೋಗಿರಾಜ.

“ಸುಮ್ಮ ಆಡ. ಯಾಕ ಮಾರಿ ಗಂಟ ಹಾಕ್ಕೊಂಡ ಕುಂತೀದಿ?” ಎಂದರು ನಮ್ಮ ಯಜಮಾನರು. ಅವರಿಗೇನು, ಅವರು ಯಾವತ್ತೂ ಗೆಲ್ಲುವ ಲೆಕ್ಕದಲ್ಲೇ ಕೂರುವವರು.

ಆಟ ಶುರುವಾಯಿತು. ಇವರು, ಯೋಗಿರಾಜ, ಸೊಸೆ ಸಾರಿಕಾ, ನಂದಾ, ನಾನು. ಶ್ರದ್ಧಾ ಫೋನು ಹಿಡಿದು ನಡುವೆ ಕೂತಳು. ನಾನು ಮೊದಲ ದಾಳಕ್ಕೇ ಸಾರಿಕಾ ಕೊಂಡಿದ್ದ ನವಿ ಪೇಠಕ್ಕೆ ಹೋಗಿ ಬಿದ್ದೆ. ಕಾರ್ಡು ಹಿಡಿದ ಕೂಡಲೇ ಆ ಹಾಳು ಫೋನು ಗಟ್ಟಿಯಾಗಿ, “ಗಂಗುಬಾಯಿ, ದೋನಶೇ ರುಪಯೇ ಗೇಲೇ!” ಎಂದಿತು, ನನ್ನ ಇನ್ನೂರು ರೂಪಾಯಿ ಹೋಯಿತಂತೆ. ಐವತ್ತೆರಡು ವರ್ಷದ ಸಂಸಾರದಲ್ಲಿ ಕೈಹಿಡಿದ ಗಂಡ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಇದಕ್ಕೆ ಎಷ್ಟು ಧೈರ್ಯ! ಇವರು ಬಾಯಿಗೆ ಧೋತರದ ಅಂಚು ಹಿಡಿದುಕೊಂಡು ನಗತೊಡಗಿದರು. ಸಾರಿಕಾ, “ಅತ್ತಿ, ಸಿಟ್ಟಿಗಿ ಬರಬ್ಯಾಡ್ರಿ, ಅದಕ್ಕ ತಿಳಿಯಂಗಿಲ್ಲ” ಎಂದು ಸಮಾಧಾನ ಮಾಡಿದಳು.

ನನಗೆ ಆಟದ ಕಡೆ ಗಮನವಿರಲಿಲ್ಲ. ಉಪಾಯ ಯೋಚಿಸುತ್ತಿದ್ದೆ. ಒಂದು ಮಾತು ನೆನಪಾಯಿತು: ಬ್ಯಾಂಕು ಹೋದರೆ ಹೋಗಲಿ, ನನ್ನ ಕಾಯ್ದೆ ಹೋಗಿಲ್ಲವಲ್ಲ! ನಂದಾ ದಿವಾಳಿಯಾಗಲಿ, ಉಡಿ ತುಂಬುವುದು ನನ್ನ ಹಕ್ಕು. ಫೋನಿಗೆ ಉಡಿ ತುಂಬಲು ಬರುತ್ತದೆಯೇ? ಆಗ ಹಳೆಯ ನೋಟು ಒಂದು ಹಿಡಿ ತೆಗೆಯುತ್ತೇನೆ, ನಡುವೆ ನನ್ನದನ್ನು ಸೇರಿಸುತ್ತೇನೆ. ಯಾರು ಬೇಡ ಎನ್ನುತ್ತಾರೆ ನೋಡೋಣ. ನನಗೆ ಜೀವ ಬಂತು. ಹಳೆಯ ಡಬ್ಬಿಯನ್ನು ಮೆಲ್ಲಗೆ ತೊಡೆಯ ಹತ್ತಿರ ಸರಿಸಿಕೊಂಡೆ.

ನಂದಾ ನನ್ನನ್ನು ಕೈಬಿಡಲಿಲ್ಲ. ಅವಳ ಪಾಲಿಗೆ ಬಂದ ಅಕ್ಕಲಕೋಟೆಯನ್ನು, ಲಾಜು ಕಟ್ಟಿದರೆ ವರ್ಷವಿಡೀ ಬಾಡಿಗೆ ಸುರಿಯುವ ಊರನ್ನು, ತಮ್ಮನಿಗೆ ಅರ್ಧ ಬೆಲೆಗೆ ಕೊಟ್ಟಳು. ಬೋರಾಮಣಿಯ ಹುಲ್ಲಿನಲ್ಲಿ ಮೂರು ಮನೆ ಕಟ್ಟಿದಳು. ನಾಲ್ಕು ಗಂಟೆಯ ಹೊತ್ತಿಗೆ ಯೋಗಿರಾಜನ ಲಾಜಿಗೆ ಹೋಗಿ ಬಿದ್ದಳು. ಫೋನು ಹೇಳಿತು: “ನಂದಾ, ಶಿಲ್ಲಕ ಶೂನ್ಯ.”

“ಅಕ್ಕಾ ದಿವಾಳಿ!” ಯೋಗಿರಾಜ ನಲವತ್ತೇಳರ ವಯಸ್ಸಿಗೂ ಅದೇ ಕುಣಿತ ಕುಣಿದ.

“ತಡೀರಿ, ತಡೀರಿ” ನಾನು ಮೊಳಕಾಲೂರಿ ಎದ್ದೆ. “ನನ್ನ ಕಾಯ್ದೆ ಮರತೀರೇನು? ಮಗಳು ದಿವಾಳಿ ಆಗ್ಯಾಳ. ಉಡಿ ತುಂಬಬೇಕು.”

“ಮರತಿಲ್ಲ ಆಜಿ!” ಶ್ರದ್ಧಾ ಕುಣಿದಾಡಿದಳು. “ಅದನ್ನೂ ಹಾಕೀನಿ. ಸರ್‌ಪ್ರೈಜ್ ಇಟ್ಟಿದ್ದೆ!”

ಅವಳು ಒಂದು ಗುಂಡಿ ಒತ್ತಿದಳು. ಫೋನಿನಿಂದ ಬಳೆಗಳ ಸದ್ದು ಬಂತು. “ಓಟೀ ಭರಲೀ. ನಂದಾ, ಪಾಚಶೇ ರುಪಯೇ ಮಿಳಾಲೇ!” ಉಡಿ ತುಂಬುವುದಕ್ಕೆ ಮರಾಠಿಯಲ್ಲಿ ಹಾಗೆ ಹೇಳುತ್ತಾರೆ, ನಂದಾಳಿಗೆ ಐದುನೂರು ಸಿಕ್ಕಿತಂತೆ. ಎಲ್ಲರೂ ವಾಹ್ ವಾಹ್ ಎಂದರು. ಇವರಂತೂ ಮೊಮ್ಮಗಳ ಬೆನ್ನು ತಟ್ಟಿದರು. ನನ್ನ ಕೈ ಹಳೆಯ ಡಬ್ಬಿಯೊಳಗೇ ಉಳಿಯಿತು.

ನಂದಾಳನ್ನು ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿಕೊಂಡೇ ಕೂತಿದ್ದಳು, ಪ್ರತಿ ವರ್ಷ ಕೂರುವ ಹಾಗೆ. ಸೆರಗಿನಲ್ಲಿ ಏನೂ ಇರಲಿಲ್ಲ.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲಿಂದಲೋ ಸಿಟ್ಟು ನೆತ್ತಿಗೇರಿತು.

“ಉಡಿ ತುಂಬಿತಂತ! ಎಲ್ಲಿ ತುಂಬ್ಯದ? ಎಲ್ಲಿ ಅದ ತೋರಸ್ರಿ! ನಿಮ್ಮ ಫೋನು ಕುಂಕುಮ ಹಚ್ಚತದೇನು? ಅಕ್ಕಿ ಹಾಕತದೇನು? ಏ ಸಾರಿಕಾ, ದೇವರ ಮನ್ಯಾಗಿಂದ ತಾಟ ತಗೊಂಡ್ ಬಾ!”

ಸಾರಿಕಾ ಓಡಿ ಹೋಗಿ, ಸಂಜೆಗೆಂದು ಸಜ್ಜು ಮಾಡಿಟ್ಟಿದ್ದ ತಾಟು ತಂದಳು. ನಾನು ಮಗಳ ಹಣೆಗೆ ಕುಂಕುಮ ಹಚ್ಚಿದೆ. ಸೆರಗಿಗೆ ಐದು ಬೊಗಸೆ ಅಕ್ಕಿ ಹಾಕಿದೆ, ಖಣ ಇಟ್ಟೆ, ಕೊಬ್ಬರಿ ಬಟ್ಟಲು ಇಟ್ಟೆ. ಆಮೇಲೆ ಸಂಚಿಯಿಂದ ಐದುನೂರರ ನೋಟು ತೆಗೆದು, ಮಡಿಕೆ ಬಿಚ್ಚಿ, ಎಲ್ಲರೂ ನೋಡುವಂತೆ ಅಕ್ಕಿಯ ಮೇಲೆ ಹರಡಿದೆ. ಕೈ ನಡುಗುತ್ತಿತ್ತು.

“ಹೌದು, ರೊಕ್ಕ ಕೊಡಾಕತ್ತೀನಿ. ಆಟದ್ದಲ್ಲ, ಖರೇ ರೊಕ್ಕ. ಪ್ರತಿ ವರ್ಷ ಆ ಕಾಗದದಾಗ ಮುಚ್ಚಿ ಕೊಡತಿದ್ದೆ, ಇವತ್ತ ಮುಚ್ಚಾಕ ಕಾಗದ ಇಲ್ಲ. ಬ್ಯಾಡ ಅನ್ನುದಿದ್ರ ಅಂದುಬಿಡು ತಾಯಿ. ಎಲ್ಲಾರ ಮುಂದನೇ ಅಂದುಬಿಡು.”

ಶ್ರದ್ಧಾಳ ಮುಖ ಬಾಡಿತು. ಇವರು ಕಣ್ಣು ಕಿರಿದು ಮಾಡಿ ಒಮ್ಮೆ ನನ್ನನ್ನು, ಒಮ್ಮೆ ನೋಟನ್ನು ನೋಡಿದರು. ನಂದಾ ತಲೆ ಬಗ್ಗಿಸಿಕೊಂಡು ಕೂತಿದ್ದಳು. ಅವಳ ಹೆಗಲು ಅಲುಗಾಡತೊಡಗಿತು. ಅಳುತ್ತಾಳೆ ಎಂದುಕೊಂಡೆ. ಮುಖ ಎತ್ತಿದರೆ ನಗುತ್ತಿದ್ದಳು. ಅಳುತ್ತಲೂ ಇದ್ದಳು.

“ಯಾಕ ಬ್ಯಾಡ ಅನ್ಲಿ ಯವ್ವಾ?” ನೋಟು ತೆಗೆದು ಕಣ್ಣಿಗೊತ್ತಿಕೊಂಡಳು. “ಇನ್ನ ಮ್ಯಾಲ ಹಿಂಗೇ ಕೊಟ್ಟುಬಿಡು. ನನಗ ಸೋತ ಸೋತ ಸಾಕಾಗ್ಯದ.”

“ಅಂದ್ರ?”

“ಅಂದ್ರೇನು? ದಿವಾಳಿ ಆಗದ ನೀ ಉಡಿ ತುಂಬತಿದ್ದ್ಯಾ? ಅದಕ್ಕ ಸೋಲಬೇಕಾಗತಿತ್ತು. ಸೋಲೂದು ಸರಳ ಅದೇನು? ಈ ಯೋಗ್ಯಾ ಎಷ್ಟ ದಡ್ಡ ಆಡ್ತಾನ ನೋಡೀದಿಲ್ಲ? ಇವನ ಮುಂದ ಸೋಲಬೇಕಂದ್ರ ನನ್ನ ಜೀವ ಬಾಯಿಗಿ ಬರತಿತ್ತು!”

ಯೋಗಿರಾಜನ ಬಾಯಿ ತೆರೆದದ್ದು ಮುಚ್ಚಲಿಲ್ಲ. “ಅಕ್ಕಾ… ಅಂದ್ರ ಇಷ್ಟ ವರ್ಷ ನಾ ಗೆದ್ದಿದ್ದು…”

“ನಾ ಗೆಲಿಸಿದ್ದು. ಬಾಯಿ ಮುಚ್ಚು, ನೊಣ ಹೋದೀತು.”

ನನ್ನ ತಲೆಗೆ ಒಂದೂ ಹೋಗಲಿಲ್ಲ. “ಅಷ್ಟ ಅಡಚಣಿ ಇತ್ತೇನು ನಿನಗ, ನಂದಾ? ಒಂದು ಮಾತ ಹೇಳಬಾರದಾಗಿತ್ತಾ?”

“ಮೊದಲ ಹತ್ತ ಹನ್ನೆರಡ ವರ್ಷ ಇತ್ತವ್ವ, ಸುಳ್ಳ್ಯಾಕ ಹೇಳ್ಲಿ. ನೀ ಕೊಟ್ಟ ರೊಕ್ಕ ಹಿಡಕೊಂಡು ಅಕ್ಕಲಕೋಟ ಪ್ಯಾಟ್ಯಾಗ ರಾಣಿ ಹಂಗ ತಿರುಗೀನಿ. ಆಮ್ಯಾಲ ಇರಲಿಲ್ಲ. ತಿಜೋರಿ ಚಾವಿ ನಮ್ಮ ಅತ್ತಿ ನನ್ನ ಕೈಯಾಗ ಕೊಟ್ಟು ಹದಿನೈದು ವರ್ಷ ಆತು.”

“ಹದಿನೈದು ವರ್ಷ! ಮತ್ತ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀ ಕೊಡೂದು ಬಿಡತಿದ್ದಿ.”

ಇಷ್ಟು ಹೇಳಿ ಅವಳು ನನ್ನ ಕೈ ಹಿಡಿದುಕೊಂಡಳು. “ಪ್ರತಿ ಸಲ ನಿನ್ನ ಕೈ ಹಿಂಗೇ ನಡಗತಿತ್ತು, ಅವ್ವ. ನನ್ನ ಮಗಳು ಎಲ್ಲಿ ಬ್ಯಾಡ ಅಂತಾಳೋ ಅಂತ. ಕುರನೂರಾಗ ನನಗ ಎಲ್ಲಾ ಅದ, ಯಾವುದಕ್ಕೂ ಕಡಿಮಿ ಇಲ್ಲ. ಆದ್ರ ನನ್ನ ಸಲುವಾಗಿ ನೋಟ ಮಡಚಿ ಸೊಂಟದಾಗ ಇಟಗೊಂಡು ಕಾಯಾಕಿ ನೀ ಒಬ್ಬಾಕಿನೇ ಅಲ್ಲ?”

ನಾನು ಅತ್ತೆ. ಅತ್ತದ್ದನ್ನು ಮುಚ್ಚಿಡುವುದೇನಿದೆ? ಎರಡು ಏಟು ಹಾಕಿದೆ ಕೂಡ ಅವಳ ಬೆನ್ನಿಗೆ, “ಕಳ್ಳಿ, ಮಹಾ ಕಳ್ಳಿ” ಎಂದು. ಇಷ್ಟು ವರ್ಷ ನಾನು ಅವಳಿಗೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಐವತ್ತು ವರ್ಷದ ಹೆಂಗಸು ವರ್ಷ ವರ್ಷ ತನ್ನ ತಮ್ಮನ ಕೈಲಿ ನಗೆಗೀಡಾಗಿ, ಕೊಡುವ ನನ್ನ ಕೈಯನ್ನು ಉಳಿಸುತ್ತಿದ್ದಳು. ಇಂಥ ಮಗಳನ್ನು ದಡ್ಡಿ ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳಬೇಕು?

ಶ್ರದ್ಧಾ ಮೂಲೆಯಲ್ಲಿ ಪೆಚ್ಚಾಗಿ ಕೂತಿದ್ದಳು. “ಸಾರಿ ಆಜಿ. ನನಗ ಗೊತ್ತಿರಲಿಲ್ಲ. ಹಳೀ ನೋಟನೇ ಇರಲಿ, ತಗಿ.”

“ಯಾಕ?” ಎಂದಳು ನಂದಾ, ಮೂಗು ಒರೆಸಿಕೊಂಡು. “ಇದೇ ಇರಲಿ, ಭಾಳ ಛಲೋ ಮಾಡೀದಿ. ಹಾಕು, ಇನ್ನೊಂದ ಆಟ ಹಾಕು. ಎಲ್ಲಾರ ಕಾರ್ಡಿನಾಗ ಮೊದಲಿನಂಗ ರೊಕ್ಕ ತುಂಬು.” ಉಡಿಯ ಅಕ್ಕಿಯನ್ನು ಗಂಟು ಕಟ್ಟಿ ಪಕ್ಕಕ್ಕಿಟ್ಟಳು, ಬಳೆ ಹಿಂದೆ ಸರಿಸಿದಳು. “ಈಗ ಆಡ್ತೀನಿ ಖರೇ ಆಟ.”

ಯಪ್ಪಾ, ಅದೇನು ಆಟ! ಮೊದಲ ಸುತ್ತಿನಲ್ಲೇ ಅಕ್ಕಲಕೋಟೆ ಹಿಡಿದಳು. ಎರಡನೆಯದರಲ್ಲಿ ಕುರನೂರು, ಧರಣ ಸಮೇತ. ಅಪ್ಪನನ್ನು ಮಾತಿನಲ್ಲಿ ಮರುಳು ಮಾಡಿ ನವಿ ಪೇಠವನ್ನೇ ಕೊಂಡುಬಿಟ್ಟಳು. ನಲವತ್ತು ವರ್ಷ ಬಟ್ಟೆ ಮಾರಿದ ಮನುಷ್ಯ, “ಏ, ನನಗ ಮೋಸ ಆತು!” ಎಂದು ಕೂಗುತ್ತಲೇ ದಿವಾಳಿಯಾದರು. ಸಾರಿಕಾ ಮುಗಿದಳು. ಯೋಗಿರಾಜ ಬೆವರು ಒರೆಸಿಕೊಳ್ಳುತ್ತ ಇಪ್ಪತ್ತು ನಿಮಿಷ ತಡೆದ, ಅವನೂ ಮುಗಿದ. ಫೋನು ಪಾಪ, ಅವಳ ಹೆಸರು ಕೂಗಿ ಕೂಗಿ ದಣಿಯಿತು.

ಕೆಳಗೆ ಕಾಂತೇಶನ ಗಾಡಿಯ ಹಾರ್ನು ಕೇಳಿಸಿತು. ನಂದಾ ತಲೆ ಎತ್ತಲಿಲ್ಲ. “ಸಾರಿಕಾ, ಅವರಿಗಿ ಛಾ ಕೊಟ್ಟು ಕುಂದರ್ಸವ್ವ. ಅವ್ವ ಇನ್ನೂ ಉಳದಾಳ.”

ಉಳಿದದ್ದು ನಾವಿಬ್ಬರೇ. ನಾನು ದಾಳ ಹಾಕಿದೆ. ಐದು ಬಿತ್ತು. ಎಣಿಸಿಕೊಂಡು ಹೋದರೆ ಅಕ್ಕಲಕೋಟೆ, ಎರಡು ಲಾಜು ಕಟ್ಟಿದ ಅಕ್ಕಲಕೋಟೆ. ಬಾಡಿಗೆ ಎರಡು ಸಾವಿರ, ನನ್ನ ಕಾರ್ಡಿನಲ್ಲಿ ಹನ್ನೊಂದುನೂರು.

“ನಂದಾ, ಹೆತ್ತಾಕಿ ಅದೀನಿ. ಸ್ವಲ್ಪ ಬಿಡವ್ವ” ಎಂದೆ.

ಅವಳು ಅಂಗೈ ಚಾಚಿ ನನ್ನ ಮುಖಕ್ಕೇ ಹಿಡಿದಳು. ಕಣ್ಣು ಹೊಳೆಯುತ್ತಿತ್ತು. ಅಷ್ಟು ಗರ್ವ ಅವಳ ಮುಖದಲ್ಲಿ ನಾನು ಸಾಲಿಯ ದಿನಗಳ ನಂತರ ನೋಡಿರಲಿಲ್ಲ.

“ಆಟ ಅಂದ್ರ ಆಟ, ಅವ್ವ. ಬಾಡಿಗಿ ತಗಿ.”

ನಾನು ಕಾರ್ಡು ಕೊಟ್ಟೆ. ಇಷ್ಟು ಚೆನ್ನಾಗಿ ಆಡುವ ಮಗಳು ನನ್ನ ಎದುರಿಗೇ ಕೂತು ಇಷ್ಟು ವರ್ಷ ಸೋತಿದ್ದಳಲ್ಲ ಎಂದು ಮತ್ತೆ ಕಣ್ಣು ತುಂಬಿ ಬಂತು. ಆದರೆ ಅಳುವುದಕ್ಕೆ ಅವಳು ಬಿಡಲಿಲ್ಲ. ದಿವಾಳಿಯಾದವರು ಎಲ್ಲರಿಗೂ ಛಾ ಮಾಡಬೇಕಂತೆ, ಅದು ಅವಳ ಕಾಯ್ದೆಯಂತೆ. ಸಾರಿಕಾ ಆಗಲೇ ಕಾಂತೇಶನಿಗೆ ಕೊಟ್ಟಿದ್ದಳು, ಆದರೂ ನಂದಾ ನನ್ನನ್ನು ಎಬ್ಬಿಸಿದಳು. ಬೈದುಕೊಳ್ಳುತ್ತಲೇ ಎದ್ದು ಹೋಗಿ ಎಲ್ಲರಿಗೂ ಛಾ ಇಟ್ಟೆ, ಅವಳದಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದೆ.